ಯುವ ಸಂಸತ್ತು: ಬೆಳಗಾವಿ ಮತ್ತು ಖಾನಾಪುರ

ಯುವ ಸಂಸತ್ತು ಎಂದರೆ ಮತದಾನದ ವಯಸ್ಸು ತಲುಪದ ಅಥವಾ ಈಗಷ್ಟೇ ತಲುಪಿದ ಎಳೆಯರು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸಿಕೊಂಡು, ಊರಿನ ಮತ್ತು ನಾಡಿನ ವಿಷಯಗಳನ್ನು ಸಭೆಯ ಕ್ರಮದಲ್ಲಿ ಚರ್ಚಿಸಿ, ಅಧಿಕಾರದಲ್ಲಿರುವವರಿಂದ ಉತ್ತರ ಪಡೆಯುವ ಏರ್ಪಾಡು. ಕರ್ನಾಟಕದಲ್ಲಿ ಈ ಹೆಸರು ಒಂದಕ್ಕೊಂದು ಹೋಲದ ಹಲವು ಚಟುವಟಿಕೆಗಳಿಗೆ ಸಲ್ಲುತ್ತದೆ. ಪ್ರಾಥಮಿಕ ಶಾಲೆಯ ಮಂತ್ರಿಮಂಡಳವೂ ಸಂಸತ್ತು, ಕಾಲೇಜಿನ ಅಣಕು ಅಧಿವೇಶನವೂ ಸಂಸತ್ತು, ಕೇಂದ್ರ ಸರ್ಕಾರ ನಡೆಸುವ ಭಾಷಣ ಸ್ಪರ್ಧೆಯೂ ಸಂಸತ್ತು. ಸಂಸತ್ತೆಂಬ ಹೆಸರಿಲ್ಲದ ಮಕ್ಕಳ ಗ್ರಾಮಸಭೆ ಇವೆಲ್ಲಕ್ಕಿಂತ ಸಂಸತ್ತಿನ ಗುಣಕ್ಕೆ ಹತ್ತಿರವಾಗಿದೆ. ಇವುಗಳನ್ನು ಬಿಡಿಸಿ ನೋಡಲು ಎರಡು ಪ್ರಶ್ನೆ ಸಾಕು: ಈ ಹುಡುಗನನ್ನೋ ಹುಡುಗಿಯನ್ನೋ ಇಲ್ಲಿಗೆ ಕಳಿಸಿದವರು ಯಾರು? ಅವರು ಕೇಳಿದ್ದಕ್ಕೆ ಉತ್ತರ ಹೇಳಲೇಬೇಕಾದವರು ಯಾರು?

ಈ ಲೇಖನ ಬೆಳಗಾವಿ ನಗರ ಮತ್ತು ಅದರಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರ ತಾಲ್ಲೂಕಿಗೆ ಸಂಬಂಧಿಸಿದ್ದು. ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ ಸುವರ್ಣ ವಿಧಾನಸೌಧವಿರುವ ಬೆಳಗಾವಿ ರಾಜ್ಯದ ಎರಡನೆಯ ಶಾಸನಸಭಾ ಪಟ್ಟಣ. ಖಾನಾಪುರದ ಪಶ್ಚಿಮ ಭಾಗ ಸಹ್ಯಾದ್ರಿಯ ಕಾಡು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಇಡೀ ಜಿಲ್ಲೆಯ ಎಳೆಯರು ಮತ ಹಾಕಿ ಆರಿಸುವ, ಕಾನೂನಿನ ಬಲವಿರುವ ಯುವ ಸಂಸತ್ತು ಇಲ್ಲಿಲ್ಲ. ಇರುವುದು ಅದರ ಬಿಡಿಭಾಗಗಳು. ಆರನೆಯ ತರಗತಿಯ ಮಕ್ಕಳ ಕೈಯಲ್ಲಿ ಚುನಾವಣೆಯಿದೆ, ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿ ಮೈಕ್ ಇದೆ, ಹಳ್ಳಿಯ ಮಕ್ಕಳ ಕೈಯಲ್ಲಿ ಉತ್ತರ ಕೇಳುವ ಅವಕಾಶವಿದೆ. ಮೂರೂ ಒಂದೇ ಕೈಗೆ ಬಂದಿಲ್ಲ.

ಸ್ವಯಂಸೇವಕರ ಪರಂಪರೆ

ಬೆಳಗಾವಿಯ ಸಾರ್ವಜನಿಕ ಬದುಕಿನಲ್ಲಿ ಎಳೆಯರ ಪಾಲು ಹೊಸದಲ್ಲ. 1924ರ ಡಿಸೆಂಬರ್ 26 ಮತ್ತು 27ರಂದು ಇಲ್ಲಿ ನಡೆದ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಮಹಾತ್ಮ ಗಾಂಧಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರು ಅದರ ಸಿದ್ಧತೆಯ ಹೊಣೆ ಹೊತ್ತಿದ್ದರೆ, ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ತರುಣರು ದಿನನಿತ್ಯದ ಕೆಲಸ ಹೊತ್ತರು. ನೀರು, ನೈರ್ಮಲ್ಯ, ಜನಜಂಗುಳಿಯ ನಿಯಂತ್ರಣ, ಕಾವಲು ಎಲ್ಲವೂ ಸ್ವಯಂಸೇವಕರದು. ಮುಂದೆ ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರಾದ ಗಂಗೂಬಾಯಿ ಹಾನಗಲ್ ಅಂದು ಹನ್ನೆರಡು ತುಂಬದ ಹುಡುಗಿ. ಗಾಂಧೀಜಿಯ ಮುಂದೆ ಸ್ವಾಗತಗೀತೆ ಹಾಡಿದವರಲ್ಲಿ ಅವರೂ ಒಬ್ಬರು.

ಆ ಸಂಭ್ರಮದ ಚಿತ್ರವನ್ನು ಬೆಳಗಾವಿ ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡಿದೆ. ಟಿಳಕವಾಡಿಯಲ್ಲಿರುವ ಆ ಅಧಿವೇಶನದ ಸ್ಮಾರಕ ವೀರಸೌಧಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಾರೆ. ಆದರೆ ಚಪ್ಪರ ಕಾಯ್ದವರು ಬೇರೆ, ಚಪ್ಪರದೊಳಗೆ ಕೂತು ಠರಾವು ಮಾಡಿದವರು ಬೇರೆ. ಈ ವಿಂಗಡಣೆ ಮುಂದಿನ ನೂರು ವರ್ಷಕ್ಕೂ ಉಳಿದುಬಂತು. ಏಕೀಕರಣದ ಚಳವಳಿಯಲ್ಲಿ, ಗಡಿ ವಿವಾದದ ಎರಡೂ ಬಣಗಳ ಮೆರವಣಿಗೆಗಳಲ್ಲಿ, ಕಳಸಾ–ಬಂಡೂರಿ ನೀರಿನ ಹೋರಾಟದಲ್ಲಿ ಮುಂದೆ ನಿಂತವರು, ಘೋಷಣೆ ಕೂಗಿದವರು, ಪೊಲೀಸರ ಲಾಠಿ ತಿಂದವರು ಹೆಚ್ಚಾಗಿ ಎಳೆಯರೇ. ಮಾತುಕತೆಯ ಮೇಜಿನ ಸುತ್ತ ಕೂತಾಗ ಅವರಿಗೆ ಕುರ್ಚಿ ಇರಲಿಲ್ಲ.

ಎಳೆಯರು ತಾವಾಗಿ ಪದಾಧಿಕಾರಿಗಳನ್ನು ಆರಿಸಿಕೊಂಡ ಜಾಗವೆಂದರೆ ಗಲ್ಲಿಗಲ್ಲಿಯ ಗಣೇಶೋತ್ಸವ ಮಂಡಳಗಳು. ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ ಎಂದು ವರ್ಷವರ್ಷ ಆರಿಸುತ್ತಾರೆ, ಪಟ್ಟಿ (ವಂತಿಗೆ) ಎತ್ತುತ್ತಾರೆ, ಹಬ್ಬ ಮುಗಿದ ಮೇಲೆ ಜಮಾ–ಖರ್ಚು ಹೇಳಬೇಕಾಗುತ್ತದೆ. ಲೆಕ್ಕ ಕೊಡದವನನ್ನು ಗಲ್ಲಿ ಮರೆಯುವುದಿಲ್ಲ. ಬೆಳಗಾವಿಯ ಎಷ್ಟೋ ನಗರಸೇವಕರ ಮೊದಲ ಪಾಠಶಾಲೆ ಈ ಮಂಡಳಗಳೇ. ಅಲ್ಲಿ ಹುಡುಗಿಯರಿಗೆ ಆರತಿ ತಟ್ಟೆ, ರಂಗೋಲಿ ಸ್ಪರ್ಧೆ ಬಿಟ್ಟರೆ ಹುದ್ದೆ ಸಿಗುವುದು ಅಪರೂಪ. ಈ ಕೊರತೆ ಚಿಕ್ಕದಲ್ಲ, ಏಕೆಂದರೆ ಅದೇ ಗಲ್ಲಿಯ ಅರ್ಧದಷ್ಟು ಎಳೆಯರು ಆ ಪಾಠಶಾಲೆಯ ಹೊರಗುಳಿದರು.

ಕಾಲೇಜು ಸಂಘಗಳು ಮುಚ್ಚಿಕೊಂಡ ಬಗೆ

ಲಿಂಗರಾಜ ಕಾಲೇಜು 1933ರಲ್ಲಿ, ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿ ಆರಂಭವಾದ ಮೇಲೆ ಬೆಳಗಾವಿ ಸುತ್ತಲಿನ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಕೇಂದ್ರವಾಯಿತು. ಕಾಲೇಜು ಎಂದರೆ ವಿದ್ಯಾರ್ಥಿ ಸಂಘ, ಸಂಘ ಎಂದರೆ ಚುನಾವಣೆ ಎಂಬ ಕಾಲವೊಂದಿತ್ತು. ರಾಜ್ಯದಲ್ಲಿ 1980ರ ದಶಕದ ಕೊನೆಗೆ ಕ್ಯಾಂಪಸ್ ಹಿಂಸೆಯ ಕಾರಣ ನೀಡಿ ಈ ಚುನಾವಣೆಗಳನ್ನು ನಿಲ್ಲಿಸಲಾಯಿತು. ಬದಲಿಗೆ ಬಂದದ್ದು ಅಂಕ ನೋಡಿ ಅಥವಾ ಪ್ರಾಧ್ಯಾಪಕರ ಅಭಿಪ್ರಾಯದಂತೆ ಪ್ರತಿನಿಧಿಗಳನ್ನು ನೇಮಿಸುವ ಪದ್ಧತಿ.

2006ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಒಪ್ಪಿ ಕಾಲೇಜು ಚುನಾವಣೆಗಳಿಗೆ ನಿಯಮ ಹಾಕಿಕೊಟ್ಟಿತು. ಪದವಿ ವಿದ್ಯಾರ್ಥಿಗೆ 17ರಿಂದ 22 ವರ್ಷದ ಮಿತಿ, ಶೇಕಡಾ 75 ಹಾಜರಿ, ಒಬ್ಬ ಅಭ್ಯರ್ಥಿಗೆ 5,000 ರೂಪಾಯಿಯ ಖರ್ಚಿನ ಮಿತಿ, ಮುದ್ರಿತ ಪೋಸ್ಟರಿಗೆ ನಿಷೇಧ. ಹಣ ಮತ್ತು ತೋಳ್ಬಲಗಳ ಭಯಕ್ಕೆ ಇದು ಸರಿಯಾದ ಮದ್ದಾಗಿತ್ತು. ಕರ್ನಾಟಕದ ಕ್ಯಾಂಪಸ್‌ಗಳಿಗೆ ಚುನಾವಣೆ ಮಾತ್ರ ಮರಳಲಿಲ್ಲ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಗೆ ಬಂದವು. ಎರಡೂ ಹುಟ್ಟಿದ್ದು ಚುನಾವಣೆಯಿಲ್ಲದ ಕಾಲದಲ್ಲಿ. ಹೀಗಾಗಿ ಇಲ್ಲಿನ ಎರಡು ತಲೆಮಾರಿನ ಪದವೀಧರರು ಕಾಲೇಜಿನೊಳಗೆ ಒಂದು ಮತವನ್ನೂ ಹಾಕದೆ ಹೊರಬಂದಿದ್ದಾರೆ.

ವಯಸ್ಸಿನ ಮೆಟ್ಟಿಲುಗಳು

ಸಂವಿಧಾನದ 61ನೆಯ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕಿಳಿಯಿತು. ದೇಶ 18 ವರ್ಷದವರನ್ನು ನಂಬಿ ಮತ ಕೊಟ್ಟ ಹೊತ್ತಿನಲ್ಲೇ ರಾಜ್ಯದ ಕಾಲೇಜುಗಳು ಅದೇ ವಯಸ್ಸಿನವರ ಮತಪೆಟ್ಟಿಗೆ ಮುಚ್ಚಿದವೆಂಬುದನ್ನು ಒಟ್ಟಿಗೆ ಓದಬೇಕು. 17 ತುಂಬಿದವರು ಈಗ ಮುಂಗಡವಾಗಿ ಹೆಸರು ಕೊಡಬಹುದು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖು ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಚುನಾವಣೆಗೆ ನಿಲ್ಲುವ ವಯಸ್ಸು ಬೇರೆ: ಪಂಚಾಯಿತಿ ಮತ್ತು ನಗರ ಸಂಸ್ಥೆಗಳಿಗೆ 21, ವಿಧಾನಸಭೆ ಮತ್ತು ಲೋಕಸಭೆಗೆ 25, ವಿಧಾನ ಪರಿಷತ್ತು ಮತ್ತು ರಾಜ್ಯಸಭೆಗೆ 30.

2024ರಲ್ಲಿ ಇದೇ ಜಿಲ್ಲೆಯ ಚಿಕ್ಕೋಡಿಯಿಂದ ಲೋಕಸಭೆಗೆ ಆರಿಸಿಬಂದ ಪ್ರಿಯಾಂಕಾ ಜಾರಕಿಹೊಳಿ ಅವರಿಗೆ ಆಗ 27 ವರ್ಷ. ಜಿಲ್ಲೆಯ ಎಳೆಯರಿಗೆ, ಅದರಲ್ಲೂ ಹುಡುಗಿಯರಿಗೆ ಅದು ಹತ್ತಿರದ ಉದಾಹರಣೆ. ಅವರ ಹಿಂದೆ ರಾಜಕೀಯ ಮನೆತನವಿತ್ತು. ಅಂಥ ಮನೆತನವಿಲ್ಲದ ಇಪ್ಪತ್ತೇಳರವರು ಅಷ್ಟು ದೂರ ನಡೆಯಲು ನಡುವೆ ಚಿಕ್ಕ ಚಿಕ್ಕ ಮೆಟ್ಟಿಲುಗಳು ಬೇಕು. ಯುವ ಸಂಸತ್ತಿನ ಪ್ರಶ್ನೆ ಏಳುವುದು ಅಲ್ಲಿ.

ಶಾಲೆಯ ಮಂತ್ರಿಮಂಡಳ

ಮೊದಲ ಮೆಟ್ಟಿಲು ಶಾಲೆಯಲ್ಲಿ ಗಟ್ಟಿಯಾಗಿದೆ. ಜೂನ್ ಕೊನೆಗೋ ಜುಲೈನಲ್ಲೋ, ದಾಖಲಾತಿ ಮುಗಿದು ಮಳೆ ಹಿಡಿಯುವ ಹೊತ್ತಿಗೆ, ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಸಮಾಜವಿಜ್ಞಾನದ ಶಿಕ್ಷಕರು ಚುನಾವಣಾಧಿಕಾರಿ. ಅಧಿಸೂಚನೆ, ನಾಮಪತ್ರ, ಪರಿಶೀಲನೆ, ವಾಪಸ್ ಪಡೆಯುವ ದಿನ, ಎರಡು ದಿನದ ಪ್ರಚಾರ, ಕೊನೆಗೆ ಮತದಾನ. ಪೆನ್ನು, ಕೊಡೆ, ಚೆಂಡು, ಪುಸ್ತಕ ಇವು ಚಿಹ್ನೆಗಳು. ಕಾಗದದ ಚೀಟಿಯ ಜಾಗಕ್ಕೆ ಈಗೀಗ ಮತಯಂತ್ರದಂತೆ ಸದ್ದು ಮಾಡುವ ಮೊಬೈಲ್ ಆ್ಯಪ್ ಬಂದಿದೆ. ಬೆರಳಿಗೆ ಹಚ್ಚುವ ಶಾಯಿಯನ್ನು ಮಾತ್ರ ಯಾವ ಶಾಲೆಯೂ ಬಿಟ್ಟಿಲ್ಲ. ಆ ಗುರುತನ್ನು ಮನೆಗೆ ಹೋಗಿ ತೋರಿಸುವುದೇ ಮಕ್ಕಳ ಪಾಲಿಗೆ ಅರ್ಧ ಹಬ್ಬ.

ಆರಿಸಿಬಂದವರಲ್ಲಿ ಮುಖ್ಯಮಂತ್ರಿ ಅಥವಾ ಪ್ರಧಾನಮಂತ್ರಿ ಒಬ್ಬರು, ಉಳಿದವರಿಗೆ ಖಾತೆಗಳು. ಆಹಾರಮಂತ್ರಿ ಬಿಸಿಯೂಟದ ತಟ್ಟೆ, ಸಾಲು, ಅಡುಗೆಯ ರುಚಿ ನೋಡಿಕೊಳ್ಳಬೇಕು. ಆರೋಗ್ಯಮಂತ್ರಿಗೆ ಉಗುರು, ಕೈತೊಳೆಯುವ ಸಾಬೂನು. ನೀರಾವರಿ ಮಂತ್ರಿಗೆ ಗಿಡಗಳು ಮತ್ತು ಟಾಕಿ. ಪ್ರಾರ್ಥನಾ ಮಂತ್ರಿ, ಕ್ರೀಡಾ ಮಂತ್ರಿ, ಗ್ರಂಥಾಲಯ ಮಂತ್ರಿ, ಜೊತೆಗೆ ವಿರೋಧ ಪಕ್ಷದ ನಾಯಕ. ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಮುಂದೆ ಮುಖ್ಯಶಿಕ್ಷಕರು ಪ್ರಮಾಣವಚನ ಹೇಳಿಸುತ್ತಾರೆ.

ಖಾನಾಪುರದ ಪಶ್ಚಿಮಕ್ಕೆ ಹೋದಂತೆ ಶಾಲೆಗಳು ಕಿರಿದಾಗುತ್ತವೆ. ಹತ್ತಿಪ್ಪತ್ತು ಮಕ್ಕಳಿರುವ ಕಡೆ ಸಂಸತ್ತು ಎಂದರೆ ಇಡೀ ಶಾಲೆ. ಒಂದೊಂದು ಮಗುವಿಗೂ ಒಂದೊಂದು ಖಾತೆ ಬರುತ್ತದೆ. ಬೆಳಗಾವಿಯ ದೊಡ್ಡ ಪ್ರೌಢಶಾಲೆಗಳಲ್ಲಿ ಸಾವಿರ ಮಕ್ಕಳ ನಡುವೆ ಗೆಲ್ಲಬೇಕು. ದೊಡ್ಡ ಶಾಲೆಯಲ್ಲಿ ಚುನಾವಣೆ ಚೆನ್ನಾಗಿ ಕಲಿಯಬಹುದು, ಚಿಕ್ಕ ಶಾಲೆಯಲ್ಲಿ ಹೊಣೆ ಚೆನ್ನಾಗಿ ಕಲಿಯಬಹುದು. ಎರಡರಲ್ಲಿ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ಈ ಲೇಖಕರ ಅಭಿಪ್ರಾಯ. ಗೆದ್ದ ಹುಡುಗಿ ಮರುದಿನ ಬಿಸಿಯೂಟದ ಸಾಲಿನಲ್ಲಿ ತನಗೆ ಮತ ಹಾಕಿದವರ ಪಕ್ಕದಲ್ಲೇ ಕೂರುತ್ತಾಳೆ. ಅವರು ಅಲ್ಲೇ ಕೇಳುತ್ತಾರೆ, ಟಾಕಿಯಲ್ಲಿ ನೀರು ಯಾಕಿಲ್ಲ ಎಂದು.

ಇದರ ಮಿತಿಯೂ ಅಲ್ಲೇ ಇದೆ. ಟಾಕಿ ತುಂಬಿಸುವುದು ಶಾಲೆಯ ಕೈಯಲ್ಲಿದ್ದರೆ ಮಂತ್ರಿಯ ಮಾತು ನಡೆಯುತ್ತದೆ. ಪೈಪ್ ಒಡೆದದ್ದು ಕಾಂಪೌಂಡಿನ ಹೊರಗಿದ್ದರೆ ಆ ಮಗು ಏನೂ ಮಾಡಲಾರದು. ಬಹಳಷ್ಟು ಶಾಲೆಗಳಲ್ಲಿ ಚುನಾವಣೆಯ ದಿನದ ಉತ್ಸಾಹ ಪ್ರಮಾಣವಚನಕ್ಕೆ ಮುಗಿದು, ಸಂಸತ್ತಿನ ಸಭೆ ವರ್ಷದಲ್ಲಿ ಒಂದೆರಡು ಬಾರಿ ಕೂಡುವುದೂ ಕಷ್ಟವಾಗುತ್ತದೆ. ಮಂತ್ರಿಗಳು ನಿಧಾನಕ್ಕೆ ಶಿಕ್ಷಕರ ಸಹಾಯಕರಾಗಿ ಗಂಟೆ ಹೊಡೆಯುತ್ತಾರೆ, ಹಾಜರಿ ಪುಸ್ತಕ ತರುತ್ತಾರೆ. 1924ರ ಸ್ವಯಂಸೇವಕ ಇಲ್ಲಿ ಮತ್ತೆ ಕಾಣುತ್ತಾನೆ.

ಸ್ಪರ್ಧೆಯ ಸಂಸತ್ತು

1962ರಲ್ಲಿ ಮುಂಬಯಿಯಲ್ಲಿ ನಡೆದ ಅಖಿಲ ಭಾರತ ಸಚೇತಕರ ನಾಲ್ಕನೆಯ ಸಮ್ಮೇಳನ ಶಾಲೆಗಳಲ್ಲಿ ಅಣಕು ಸಂಸತ್ತು ನಡೆಸಬೇಕೆಂದು ಶಿಫಾರಸು ಮಾಡಿತು. ಅದರಂತೆ ಕೇಂದ್ರದ ಸಂಸದೀಯ ವ್ಯವಹಾರಗಳ ಇಲಾಖೆ 1966ರಲ್ಲಿ ದೆಹಲಿಯ ಶಾಲೆಗಳಲ್ಲಿ ಯುವ ಸಂಸತ್ ಯೋಜನೆ ಆರಂಭಿಸಿತು. ಮುಂದೆ ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ, ವಿಶ್ವವಿದ್ಯಾಲಯಗಳಿಗೂ ಅದು ಹರಡಿತು. ರಾಜ್ಯದಲ್ಲಿ ಸಂಸದೀಯ ವ್ಯವಹಾರಗಳ ಇಲಾಖೆ ಶಿಕ್ಷಣ ಇಲಾಖೆಯ ಜೊತೆ ಪ್ರೌಢಶಾಲೆ ಮತ್ತು ಪದವಿಪೂರ್ವ ವಿದ್ಯಾರ್ಥಿಗಳಿಗೆ ತಾಲ್ಲೂಕು, ಜಿಲ್ಲೆ, ರಾಜ್ಯ ಹಂತಗಳಲ್ಲಿ ಯುವ ಸಂಸತ್ ಸ್ಪರ್ಧೆ ನಡೆಸುತ್ತದೆ. ಕೇಂದ್ರದ ಮಾದರಿಯಲ್ಲಿ ಐವತ್ತರಷ್ಟು ವಿದ್ಯಾರ್ಥಿಗಳು ಒಂದು ಗಂಟೆಯೊಳಗೆ ಇಡೀ ಕಲಾಪ ಮುಗಿಸಬೇಕು: ಪ್ರಮಾಣವಚನ, ಸಂತಾಪ ಸೂಚನೆ, ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ, ಒಂದು ಮಸೂದೆ. ಶಿಸ್ತು, ಭಾಷೆ, ವಿಷಯಜ್ಞಾನಕ್ಕೆ ತೀರ್ಪುಗಾರರು ಅಂಕ ಕೊಡುತ್ತಾರೆ.

2019ರಲ್ಲಿ ಯುವಜನ ವ್ಯವಹಾರಗಳ ಸಚಿವಾಲಯ 18ರಿಂದ 25 ವರ್ಷದವರಿಗಾಗಿ ರಾಷ್ಟ್ರೀಯ ಯುವ ಸಂಸತ್ ಉತ್ಸವ ಆರಂಭಿಸಿತು. 2025ರಲ್ಲಿ ಅದು ವಿಕಸಿತ ಭಾರತ ಯುವ ಸಂಸತ್ತಾಯಿತು. ಒಂದು ನಿಮಿಷದ ವಿಡಿಯೊ ಮಾಡಿ ಮೈ ಭಾರತ್ ಪೋರ್ಟಲಿಗೆ ಹಾಕಬೇಕು, ಅದರಲ್ಲಿ ಆಯ್ಕೆಯಾದವರು ಜಿಲ್ಲಾ ಕೇಂದ್ರದಲ್ಲಿ ಮಾತಾಡಬೇಕು, ಅಲ್ಲಿ ಗೆದ್ದವರು ರಾಜ್ಯಕ್ಕೆ, ರಾಜ್ಯದಿಂದ ಮೂವರು ದೆಹಲಿಗೆ.

ಮಾತಿನ ಅಭ್ಯಾಸಕ್ಕೆ ಈ ಸ್ಪರ್ಧೆಗಳು ಒಳ್ಳೆಯ ಗರಡಿ. ಹಳ್ಳಿಯ ಸರ್ಕಾರಿ ಕಾಲೇಜಿನ ಹುಡುಗಿಯೊಬ್ಬಳು ಸಭಾಧ್ಯಕ್ಷರ ಪೀಠದಲ್ಲಿ ಕೂತು ಎದುರಿನ ಇಬ್ಬರನ್ನು ಸುಮ್ಮನಿರಿಸಿದಾಗ ಅವಳಲ್ಲಿ ಬರುವ ಧೈರ್ಯ ಕೃತಕವಲ್ಲ. ಆದರೆ ಅವಳನ್ನು ಅಲ್ಲಿಗೆ ಕಳಿಸಿದವರು ತೀರ್ಪುಗಾರರು. ಊರಿಗೆ ಮರಳಿದ ಮೇಲೆ ಯಾರಿಗೂ ವರದಿ ಒಪ್ಪಿಸಬೇಕಿಲ್ಲ. ಅವಳ ಮಸೂದೆಗೆ ಯಾವ ಇಲಾಖೆಯೂ ಉತ್ತರಿಸಬೇಕಿಲ್ಲ. ‘ಆಯ್ಕೆ’ ಎಂಬ ಒಂದೇ ಪದ ಸ್ಪರ್ಧೆಯಲ್ಲಿ ಗೆದ್ದವರಿಗೂ ಮತದಲ್ಲಿ ಗೆದ್ದವರಿಗೂ ಕನ್ನಡದಲ್ಲಿ ಸಲ್ಲುವುದರಿಂದ ಈ ವ್ಯತ್ಯಾಸ ಮರೆಯಾಗುತ್ತದೆ. ಬೆಳಗಾವಿಯ ಆಡುಮಾತು ಇಲ್ಲಿ ಹೆಚ್ಚು ಖಚಿತ: ಮತದಿಂದ ಗೆದ್ದವರನ್ನು ‘ಆರಿಸಿ ಬಂದಾರ’ ಎನ್ನುತ್ತಾರೆ. ಬಂದವರೆಂದ ಮೇಲೆ ಕಳಿಸಿದವರೂ ಇದ್ದಾರೆ.

2006ರಲ್ಲಿ ಬೆಳಗಾವಿಯಲ್ಲಿ ಮೊದಲ ಬಾರಿ ವಿಧಾನಮಂಡಲದ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಚಳಿಗಾಲದ ಅಧಿವೇಶನದ ದಿನಗಳಲ್ಲಿ ಶಾಲಾ ಬಸ್ಸುಗಳು ಅಲ್ಲಿ ಸಾಲುಗಟ್ಟುತ್ತವೆ, ಮಕ್ಕಳು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತು ಕಲಾಪ ನೋಡುತ್ತಾರೆ. ವರ್ಷದ ಉಳಿದ ಬಹುಪಾಲು ದಿನ ಸಭಾಂಗಣಗಳು ಖಾಲಿ. ಆ ಖಾಲಿ ದಿನಗಳಲ್ಲಿ ಎರಡನ್ನಾದರೂ ಜಿಲ್ಲೆಯ ಶಾಲಾ ಸಂಸತ್ತುಗಳಿಂದ ಆರಿಸಿಬಂದವರಿಗೆ ಬಿಟ್ಟುಕೊಟ್ಟರೆ ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಮನಸ್ಸು ಬೇಕು.

ಮಕ್ಕಳ ಗ್ರಾಮಸಭೆ

ಸಂವಿಧಾನದ ಪ್ರಕಾರ ಗ್ರಾಮಸಭೆ ಎಂದರೆ ಮತದಾರರ ಪಟ್ಟಿಯಲ್ಲಿರುವವರ ಕೂಟ. ಹೀಗಾಗಿ 18ಕ್ಕಿಂತ ಕಿರಿಯರು ಅಲ್ಲಿ ಬಂದರೂ ಸದಸ್ಯರಲ್ಲ. ಈ ತೊಡಕನ್ನು ಬಿಡಿಸಲು ಕರ್ನಾಟಕದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 2006ರಲ್ಲಿ ಸುತ್ತೋಲೆ ಹೊರಡಿಸಿ, ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿತು.

ಈ ಕಲ್ಪನೆಯ ಬೇರು ಕರಾವಳಿಯಲ್ಲಿದೆ. ಬೆಂಗಳೂರಿನ ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳು 1990ರಲ್ಲಿ ಭೀಮಸಂಘ ಕಟ್ಟಿಕೊಂಡರು. 1995ರ ಸುಮಾರಿಗೆ ಕುಂದಾಪುರ ತಾಲ್ಲೂಕಿನ ಕೆರಾಡಿ, ಆಲೂರು ಮೊದಲಾದ ಕಡೆ ಮಕ್ಕಳ ಪಂಚಾಯತಿಗಳು ಹುಟ್ಟಿದವು. ಅಲ್ಲಿ ಗುಟ್ಟಿನ ಮತದಾನವಿತ್ತು, ಊರಿನ ವಾರ್ಡುಗಳನ್ನೇ ಹೋಲುವ ವಾರ್ಡುಗಳಿದ್ದವು, ಶಾಲೆ ಬಿಟ್ಟು ದುಡಿಯುವ ಮಕ್ಕಳಿಗೂ ಜಾಗವಿತ್ತು. ಮಕ್ಕಳೇ ಮನೆಮನೆಯ ಸಮೀಕ್ಷೆ ಮಾಡಿ, ಅಂಕಿಸಂಖ್ಯೆ ಹಿಡಿದು ಹಿರಿಯರ ಪಂಚಾಯತಿಯ ಮುಂದೆ ನಿಂತರು. ಅಧಿಕಾರಿಗಳು ಮತ್ತು ಪಂಚಾಯತಿ ಸದಸ್ಯರಿದ್ದ ಕಾರ್ಯಪಡೆ ಅವರಿಗೆ ಉತ್ತರ ಹೇಳಬೇಕಿತ್ತು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ, ಸೌದೆ ಮತ್ತು ನೀರು ಹೊರುವ ದೂರ, ಬಾಲ್ಯವಿವಾಹ ಇಂಥವು ಅವರ ವಿಷಯಗಳು. ಚುನಾಯಿತ ಯುವ ಸಂಸತ್ತು ಎಂಬ ಮಾತು ನಿಜಕ್ಕೂ ಸಲ್ಲುವ ಪ್ರಯೋಗ ಕನ್ನಡ ನಾಡಿನಲ್ಲಿ ಯಾವುದೆಂದು ಕೇಳಿದರೆ ಮೊದಲು ತೋರಿಸಬೇಕಾದದ್ದು ಇದನ್ನೇ. ರಾಜ್ಯ ಅದರಿಂದ ಸಭೆಯನ್ನು ಎತ್ತಿಕೊಂಡಿತು, ಚುನಾವಣೆಯನ್ನು ಅಲ್ಲೇ ಬಿಟ್ಟಿತು.

ಈಚಿನ ವರ್ಷಗಳಲ್ಲಿ ಮಕ್ಕಳ ಗ್ರಾಮಸಭೆಗಳು ನವೆಂಬರ್ 14ರ ಮಕ್ಕಳ ದಿನದಿಂದ ಜನವರಿ 24ರ ಹೆಣ್ಣುಮಕ್ಕಳ ದಿನದವರೆಗಿನ ಅಭಿಯಾನದ ಹೊತ್ತಿನಲ್ಲಿ ನಡೆಯುತ್ತವೆ. ಖಾನಾಪುರ ತಾಲ್ಲೂಕಿನ ಐವತ್ತರಷ್ಟು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿ ಇನ್ನೂರಕ್ಕೂ ಹೆಚ್ಚು ಹಳ್ಳಿಗಳಿವೆ. ಸಭೆಯ ದಿನ ಪಂಚಾಯಿತಿಯ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಒಂದು ಕಡೆ ಕೂರುತ್ತಾರೆ. ಎದುರಿಗೆ ಶಾಲೆಗಳಿಂದ ಬಂದ ಮಕ್ಕಳು. ಹಿಂದಿನ ಸಭೆಯ ಅನುಪಾಲನಾ ವರದಿ ಮೊದಲು ಓದಬೇಕೆಂಬುದು ಕ್ರಮ. ಇಡೀ ಏರ್ಪಾಡಿನ ಜೀವ ಆ ಒಂದು ಹಾಳೆಯಲ್ಲಿದೆ. ಅದನ್ನು ಓದಿದರೆ ಮಕ್ಕಳ ಸಭೆ ಸಂಸತ್ತಿಗೆ ಸಮನಾಗುತ್ತದೆ. ಓದದೆ ಹಾಡು, ಭಾಷಣ, ಬಿಸ್ಕತ್ತಿಗೆ ಸಭೆ ಮುಗಿದರೆ ಮುಂದಿನ ವರ್ಷ ಮಕ್ಕಳು ಅದೇ ಪ್ರಶ್ನೆ ಹೊತ್ತು ಬರುತ್ತಾರೆ.

ಖಾನಾಪುರದ ಮಕ್ಕಳಿಗೆ ಕೇಳುವುದು ಬೇಕಾದಷ್ಟಿದೆ. 2011ರ ಕೊನೆಗೆ ವನ್ಯಜೀವಿ ಧಾಮವಾಗಿ ಘೋಷಣೆಯಾದ ಭೀಮಗಡದ ಒಳಗೆ ಗವಾಳಿ, ಪಾಸ್ತೋಲಿ, ಕೊಂಗಳಾ, ಆಮಗಾಂವ, ತಳೇವಾಡಿಯಂಥ ಹಳ್ಳಿಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿ ಕಟ್ಟಾಗುತ್ತದೆ. ರೋಗಿಗಳನ್ನು ಕೈಮಂಚದ ಮೇಲೆ ಹೊತ್ತು ತರಬೇಕಾದ ಸಂದರ್ಭಗಳು ಬರುತ್ತವೆ. ಪ್ರೌಢಶಾಲೆಗೆ ಬಂದ ಮಕ್ಕಳು ಊರು ಬಿಟ್ಟು ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಇರುತ್ತಾರೆ. ಕೆಲವು ಹಳ್ಳಿಗಳ ಕುಟುಂಬಗಳನ್ನು ಪರಿಹಾರ ಕೊಟ್ಟು ಹೊರಗೆ ಸ್ಥಳಾಂತರಿಸುವ ಕೆಲಸ ತಳೇವಾಡಿಯಿಂದ ಶುರುವಾಗಿದೆ. ಊರು ಬಿಡುವುದೋ ಉಳಿಯುವುದೋ ಎಂಬ ತೀರ್ಮಾನಕ್ಕೆ ಸಹಿ ಹಾಕುವವರು ಕುಟುಂಬದ ಹಿರಿಯರು. ಅದರ ಫಲವನ್ನು ಹೆಚ್ಚು ಕಾಲ ಉಣ್ಣುವವರು ಇಂದಿನ ಹದಿನಾಲ್ಕರ ಮಕ್ಕಳು. ಎಳೆಯರ ಮಾತನ್ನು ಬರವಣಿಗೆಯಲ್ಲಿ ದಾಖಲಿಸಬೇಕಾದ ವಿಷಯ ಈ ತಾಲ್ಲೂಕಿನಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಕೆಲಸದ ತೊಡಕೊಂದಿದೆ. ಕಾಂಪೌಂಡು, ಶೌಚಾಲಯ, ಬೀದಿದೀಪ, ಕುಡಿಯುವ ನೀರು ಪಂಚಾಯಿತಿಯ ಕೈಯಲ್ಲಿವೆ. ಬಸ್ಸು ಸಾರಿಗೆ ಸಂಸ್ಥೆಯದು, ಕಾಡಿನ ದಾರಿ ಅರಣ್ಯ ಇಲಾಖೆಯದು, ಶಿಕ್ಷಕರ ಕೊರತೆ ಶಿಕ್ಷಣ ಇಲಾಖೆಯದು. ಮಕ್ಕಳ ಪ್ರಶ್ನೆಗಳಲ್ಲಿ ಬಸ್ಸು, ದಾರಿ, ಶಿಕ್ಷಕರೇ ಮುಂದೆ ನಿಲ್ಲುತ್ತವೆ. ಆ ಇಲಾಖೆಗಳವರು ಸಭೆಗೆ ಬರದಿದ್ದರೆ ಪಿಡಿಒ ‘ಮೇಲಕ್ಕೆ ಬರೆಯುತ್ತೇವೆ’ ಎನ್ನುವುದರ ಹೊರತು ಬೇರೆ ಹೇಳಲಾರರು. ತಾಲ್ಲೂಕು ಮಟ್ಟದಲ್ಲಿ ಮಕ್ಕಳ ಸಭೆಯೊಂದು ಇದ್ದರೆ, ಪ್ರತಿ ಪಂಚಾಯಿತಿಯಿಂದ ಮಕ್ಕಳೇ ಆರಿಸಿದ ಇಬ್ಬರು, ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ, ಅಲ್ಲಿಗೆ ಬಂದರೆ, ನೂರರ ಆ ಸಭೆಯ ಮುಂದೆ ಎಲ್ಲ ಇಲಾಖೆಯವರೂ ಕೂರಬಹುದು. ಖಾನಾಪುರಕ್ಕೆ ಬೇಕಾದ ಯುವ ಸಂಸತ್ತಿನ ಅಳತೆ ಅಷ್ಟೇ.

ಪಟ್ಟಣದ ಮಕ್ಕಳು

ಮಕ್ಕಳ ಗ್ರಾಮಸಭೆ ಗ್ರಾಮ ಪಂಚಾಯಿತಿಗೆ ಸೇರಿದ್ದು. 58 ವಾರ್ಡುಗಳ ಬೆಳಗಾವಿ ಮಹಾನಗರ ಪಾಲಿಕೆಯ ಮಕ್ಕಳಿಗಾಗಲಿ, ಖಾನಾಪುರ ಪಟ್ಟಣ ಪಂಚಾಯಿತಿಯ ಮಕ್ಕಳಿಗಾಗಲಿ ಅದಕ್ಕೆ ಸಮನಾದ ಸಭೆಯಿಲ್ಲ. ನಗರಗಳಿಗೆ ವಾರ್ಡ್ ಸಮಿತಿ ಮತ್ತು ಏರಿಯಾ ಸಭೆಗಳನ್ನು ಕಾನೂನು ಹೇಳಿದೆ. ಏರಿಯಾ ಸಭೆಯೂ ಮತದಾರರದೇ. ಶಹಾಪುರದ ಮಗ್ಗದ ಮನೆಯ ಮಗು, ದಂಡು ಪ್ರದೇಶದ ಮಗು, ಆಟೋನಗರದ ಕೂಲಿಕಾರರ ಮಗು ತಮ್ಮ ಚರಂಡಿಯ ಬಗ್ಗೆ, ಆಟದ ಬಯಲಿನ ಬಗ್ಗೆ ಎಲ್ಲಿ ಹೇಳಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಹಳ್ಳಿಯ ಮಗುವಿಗೆ ಇರುವ ಅವಕಾಶ ಪಟ್ಟಣದ ಮಗುವಿಗೆ ಇಲ್ಲದಿರುವುದು ಅಪರೂಪದ ಸಂಗತಿ.

ಭಾಷೆ

ಖಾನಾಪುರದ ಪೂರ್ವಕ್ಕೆ ಇಟಗಿ, ಬೀಡಿ, ಪಾರಿಶ್ವಾಡದ ಕಡೆ ಕನ್ನಡ ಹೆಚ್ಚು. ಜಾಂಬೋಟಿ, ಕಣಕುಂಬಿ, ಲೋಂಡಾದ ಕಡೆ ಮರಾಠಿ, ಕೊಂಕಣಿ. ಪಟ್ಟಣಗಳಲ್ಲಿ ಉರ್ದುವೂ ಸೇರುತ್ತದೆ. ಕನ್ನಡ ಶಾಲೆ ಮತ್ತು ಮರಾಠಿ ಶಾಲೆ ಅಕ್ಕಪಕ್ಕದಲ್ಲಿರುವ ಊರುಗಳಲ್ಲಿ ಎರಡು ಮಂತ್ರಿಮಂಡಳ, ಎರಡು ಪ್ರಮಾಣವಚನ, ಆದರೆ ನಲ್ಲಿ ಒಂದೇ. ಮಕ್ಕಳ ಗ್ರಾಮಸಭೆಯಲ್ಲಿ ಇಬ್ಬರೂ ಒಟ್ಟಿಗೆ ಕೂರುತ್ತಾರೆ. ಹಿರಿಯರು ದಶಕಗಳಿಂದ ಭಾಷೆಯ ಗೆರೆಯ ಮೇಲೆ ನಿಂತು ಮತ ಕೇಳಿದ ನೆಲದಲ್ಲಿ ಮಕ್ಕಳು ಬಸ್ಸಿನ ಗೆರೆಯ ಮೇಲೆ ಒಂದಾಗುವುದು ಸಹಜ. ಒಂದೇ ಬಸ್ಸಿಗೆ ಅವರೆಲ್ಲ ಕಾಯುತ್ತಾರೆ. ಇಂಥ ಸಭೆಯಲ್ಲಿ ಮಗು ತನ್ನ ಮನೆಮಾತಿನಲ್ಲಿ ಕೇಳಲು, ನಡಾವಳಿಯಲ್ಲಿ ಅದು ಕನ್ನಡದಲ್ಲಿ ದಾಖಲಾಗಲು ದಾರಿ ಇರಬೇಕು. ಅನುವಾದಕ್ಕೆ ಅಧಿಕಾರಿ ಬೇಕಿಲ್ಲ. ಎರಡೂ ಮಾತು ಬಲ್ಲ ಮಕ್ಕಳು ಈ ತಾಲ್ಲೂಕಿನ ಪ್ರತಿ ಬೆಂಚಿನಲ್ಲೂ ಇದ್ದಾರೆ. ಮತ್ತೊಂದು ವಿಚಿತ್ರ ಗೆರೆಯಿದೆ: ಖಾನಾಪುರ ಬೆಳಗಾವಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಉತ್ತರ ಕನ್ನಡದ ಜೊತೆ ಮತ ಹಾಕುತ್ತದೆ. ಸಂಸದರು ಒಂದು ಕಡೆ, ಜಿಲ್ಲಾಧಿಕಾರಿ ಇನ್ನೊಂದು ಕಡೆ ಇರುವ ತಾಲ್ಲೂಕಿನ ಎಳೆಯರು ಯಾರನ್ನು ಏನು ಕೇಳಬೇಕೆಂದು ಬೇಗ ಕಲಿಯಬೇಕಾಗುತ್ತದೆ.

ಬೇರೆಡೆಯ ಮಾದರಿಗಳು

ಸ್ಕಾಟ್ಲೆಂಡಿನ ಯುವ ಸಂಸತ್ತು 1999ರಲ್ಲಿ ಆರಂಭವಾಯಿತು; 14ರಿಂದ 25 ವರ್ಷದವರು ಅದರ ಸದಸ್ಯರು. ಬ್ರಿಟನ್ನಿನ ಯುವ ಸಂಸತ್ತು 11ರಿಂದ 18ರವರದು. 2009ರ ಅಕ್ಟೋಬರ್ 30ರಂದು ಅದರ ಸದಸ್ಯರು ಹೌಸ್ ಆಫ್ ಕಾಮನ್ಸ್‌ನ ಹಸಿರು ಬೆಂಚುಗಳ ಮೇಲೆ ಕೂತು ಚರ್ಚಿಸಿದರು. ಭಾರತದಲ್ಲಿ ರಾಜಸ್ಥಾನದ ತಿಲೋನಿಯಾದ ರಾತ್ರಿ ಶಾಲೆಗಳ ಮಕ್ಕಳ ಸಂಸತ್ತು ಹೆಸರಾದದ್ದು. ಹಗಲಿಡೀ ಆಡು ಮೇಯಿಸಿದ ಮಕ್ಕಳು ಆರಿಸಿಬಂದು ಶಿಕ್ಷಕರ ಹಾಜರಿ, ಸೀಮೆಎಣ್ಣೆ, ಪುಸ್ತಕಗಳ ಲೆಕ್ಕ ಕೇಳುತ್ತಿದ್ದರು. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಕೇರಳದ ಕುಟುಂಬಶ್ರೀಯ ಬಾಲಸಭೆ, ಬಾಲಪಂಚಾಯತುಗಳ ಏಣಿಯಿದೆ. ಇವೆಲ್ಲಕ್ಕೂ ಹಿಂದಿರುವ ತತ್ವ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯದು: ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೆ ತಕ್ಕ ತೂಕ ಸಿಗಬೇಕು. ಭಾರತ ಅದನ್ನು 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು.

ಇಂದಿನ ಸ್ಥಿತಿ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳ ಗ್ರಾಮಸಭೆಗೆ ಮೊದಲು ಕೂತು ಪ್ರಶ್ನೆ ಬರೆದುಕೊಳ್ಳಲು ಹಳ್ಳಿಯಲ್ಲಿ ಇದಕ್ಕಿಂತ ತಕ್ಕ ಜಾಗವಿಲ್ಲ. ಶಾಲಾ ಸಂಸತ್ತಿನಲ್ಲಿ ಗೆದ್ದವರೇ ಆ ಸಭೆಗೆ ಪ್ರತಿನಿಧಿಗಳಾಗಿ ಹೋಗುವಂತೆ ಮಾಡಿದರೆ ಚುನಾವಣೆಗೂ ಉತ್ತರಕ್ಕೂ ನಡುವಿನ ಕೊಂಡಿ ಕೂಡಿಕೊಳ್ಳುತ್ತದೆ. ಅನೇಕ ಕಡೆ ಇಂದು ಶಿಕ್ಷಕರು ಚೆನ್ನಾಗಿ ಮಾತಾಡುವ ನಾಲ್ವರನ್ನು ಆರಿಸಿ ಕರೆತರುತ್ತಾರೆ. ಕೊನೆಯ ಬೆಂಚಿನವರ ಮಾತು ಶಾಲೆಯಲ್ಲೇ ಉಳಿಯುತ್ತದೆ.

ಹಿರಿಯರ ಕಡೆಯ ಚಿತ್ರ ಹೀಗಿದೆ. ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರಿನಲ್ಲಿ, ಬೆಳಗಾವಿ ಪಾಲಿಕೆಗೆ 2021ರ ಸೆಪ್ಟೆಂಬರಿನಲ್ಲಿ ಮತದಾನ ನಡೆಯಿತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಚುನಾವಣೆ 2016ರಲ್ಲಿ ಆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ತಕರಾರುಗಳಲ್ಲಿ ಸಿಕ್ಕಿ 2025ರ ವೇಳೆಗೂ ನಡೆಯಲಿಲ್ಲ. 2016ರ ಜುಲೈನಲ್ಲಿ ಏಳನೆಯ ತರಗತಿಯಲ್ಲಿ ಆಹಾರಮಂತ್ರಿಯಾಗಿ ಆರಿಸಿಬಂದಿರಬಹುದಾದ ಖಾನಾಪುರದ ಹುಡುಗಿಗೆ 2025ರಲ್ಲಿ 21 ತುಂಬಿರುತ್ತದೆ. ಜಿಲ್ಲಾ ಪಂಚಾಯಿತಿಗೆ ನಿಲ್ಲುವ ವಯಸ್ಸು ಅವಳಿಗಾಗಿದೆ. ನಿಲ್ಲಲು ಚುನಾವಣೆ ಬಂದಿಲ್ಲ. ಅವಳು ಓದಿದ ಶಾಲೆಯಲ್ಲಿ ಆ ವರ್ಷವೂ ಮಳೆ ಹಿಡಿಯುವ ಹೊತ್ತಿಗೆ ನಾಮಪತ್ರ ಕರೆಯುತ್ತಾರೆ.